ಹೋಲ್ಮ್‌ಕೋಟ್‌ನ ಬೀಸುಕಲ್ಲು

೨೦೨೪ರ ಮಾರ್ಚ್ ೧೩, ಬುಧವಾರ. ಬೆಳಿಗ್ಗೆ ೯.೧೦ಕ್ಕೆ ಅಮೆರಿಕದ ಎಲಿಕಾಟ್ ಸಿಟಿಯ ಪೊಲೀಸ್ ಠಾಣೆಗೆ ದೂರು ಬಂತು. ದೂರುದಾರ ಪ್ರೆಸ್ಟನ್ ಹೇಲ್, ವಯಸ್ಸು ಐವತ್ತೆಂಟು, ರಿವರ್ ಹೌಸ್ ಎಂಬ ಖಾಸಗಿ ಮ್ಯೂಸಿಯಂನ ನಿರ್ದೇಶಕ. ಕಳುವಾದ ವಸ್ತು ಒಂದು ಕಲ್ಲು.

"ಯಾವ ತರಹದ ಕಲ್ಲು? ವಜ್ರವೇ?" ಎಂದು ಆಫೀಸರ್ ಡೆನಿಸ್ ಕೋಲ್ ಕೇಳಿದಳು.

"ಅಲ್ಲ. ಹಿಟ್ಟು ಬೀಸುವ ಕಲ್ಲು. ಆರುನೂರೈವತ್ತು ವರ್ಷ ಹಳೆಯದು. ಮೂವತ್ತೊಂದು ಪೌಂಡ್ ತೂಕ."

ನಮ್ಮ ಕಡೆ ಎಫ್‌ಐಆರ್ ಅನ್ನುವುದನ್ನು ಇಲ್ಲಿ ಘಟನಾ ವರದಿ ಅನ್ನುತ್ತಾರೆ. ಅದು ೯.೪೦ಕ್ಕೆ ತಯಾರಾಗಿ ಡಿಟೆಕ್ಟಿವ್ ಶಶಿಕಾಂತ್ ಹೊಸಮನಿಯ ಮೇಜಿಗೆ ಬಂತು. ಶಶಿಕಾಂತ್ ಹುಬ್ಬಳ್ಳಿಯಲ್ಲಿ ಹುಟ್ಟಿ, ಹನ್ನೊಂದನೇ ವಯಸ್ಸಿಗೆ ಅಪ್ಪ ಅಮ್ಮನ ಜೊತೆ ಅಮೆರಿಕಕ್ಕೆ ಬಂದವನು. ಕೌಂಟಿ ಪೊಲೀಸಿನಲ್ಲಿ ಹದಿನಾರು ವರ್ಷದ ಸೇವೆ. ಕಾರು, ಲ್ಯಾಪ್‌ಟಾಪ್, ಮನೆ ಬಾಗಿಲಿಗೆ ಬಂದ ಪಾರ್ಸೆಲ್, ಇವುಗಳ ಕಳವು ಅವನಿಗೆ ನೀರು ಕುಡಿದಷ್ಟು ಸಲೀಸು. ಬೀಸುಕಲ್ಲು ಇದೇ ಮೊದಲು.

೧೦.೩೦ಕ್ಕೆ ಶಶಿಕಾಂತ್, ಡೆನಿಸ್ ಇಬ್ಬರೂ ಸ್ಥಳ ತಲುಪಿದರು. ಇಲ್ಲಿ ಪಂಚರು ಇಲ್ಲ, ಪಂಚನಾಮೆಯೂ ಇಲ್ಲ. ಅಂಗಿಗೆ ಸಿಕ್ಕಿಸಿಕೊಂಡ ಕ್ಯಾಮೆರಾವೇ ಎಲ್ಲದಕ್ಕೂ ಸಾಕ್ಷಿ. ಡೆನಿಸ್ ಅದನ್ನು ಚಾಲೂ ಮಾಡಿದಳು. ಹೇಲ್ ನೆಲಮಾಳಿಗೆಯ ದಾಸ್ತಾನು ಕೋಣೆಗೆ ಕರೆದೊಯ್ದು ಕಲ್ಲಿನ ಮೂಲ ಹೇಳಿದ.

ಇಂಗ್ಲೆಂಡಿನ ಮಧ್ಯಭಾಗದ ಒಂದು ಜಿಲ್ಲೆಯಲ್ಲಿ ಹೋಲ್ಮ್‌ಕೋಟ್ ಎಂಬ ಹಳ್ಳಿ ಇತ್ತಂತೆ. ಹದಿನೈದನೇ ಶತಮಾನದಲ್ಲಿ ಜಮೀನುದಾರ ಕುರಿ ಮೇಯಿಸಲು ಊರನ್ನೇ ಖಾಲಿ ಮಾಡಿಸಿದ. ಈಗ ಅಲ್ಲಿ ಹುಲ್ಲುಗಾವಲು, ಹುಲ್ಲಿನಡಿ ಮನೆಗಳ ಅಡಿಪಾಯ. ಅಗೆದಾಗ ಸಿಕ್ಕಿದ್ದರಲ್ಲಿ ಒಂದಿಷ್ಟನ್ನು ಜಮೀನಿನ ಈಗಿನ ಒಡೆಯರು ಈ ಮ್ಯೂಸಿಯಂಗೆ ಕೊಟ್ಟಿದ್ದರು. ಮಡಕೆ ಚೂರು, ಕೀಲಿಕೈ, ಮೂಳೆಯ ಸೂಜಿ, ಒಂದು ಜೊತೆ ಬೀಸುಕಲ್ಲು. ಕೆಳಗಿನ ಕಲ್ಲು ಕಪಾಟಿನಲ್ಲೇ ಇತ್ತು. ಮೇಲಿನದು ಇರಲಿಲ್ಲ.

"ಕೊನೆಯ ಸಲ ನೋಡಿದ್ದು?" ಎಂದು ಶಶಿಕಾಂತ್ ಕೇಳಿದ.

"ನಿನ್ನೆ ಮಧ್ಯಾಹ್ನ ಎರಡಕ್ಕೆ."

"ಈ ಕೋಣೆಯ ಬಾಗಿಲು ತೆರೆಯುವ ಕಾರ್ಡ್ ಯಾರ ಹತ್ತಿರ ಇದೆ?"

"ಐದು ಜನರ ಹತ್ತಿರ."

"ಈ ಕಲ್ಲಿನ ವಿಷಯದಲ್ಲಿ ಯಾರದಾದರೂ ತಕರಾರು ಇತ್ತೇ?"

"ಇಲ್ಲ," ಎಂದ ಹೇಲ್. ತುಸು ಬೇಗನೇ ಹೇಳಿದ.

ಬೀಗ ಮುರಿದಿರಲಿಲ್ಲ. ಕೆಳಗಿನ ಕಲ್ಲಿನ ಮೇಲೆ, ನಡುವಿನ ಗೂಟದ ಸುತ್ತ, ಒಂದು ಹಿಡಿಯಷ್ಟು ಕಾಳು ಬಿದ್ದಿತ್ತು. ದುಂಡಗೆ, ಬಿಸಿಗೆ ತುಸು ಕಂದಿದ ಬಿಳಿ ಬಣ್ಣ.

"ಇಲಿ ತಂದು ಹಾಕಿರಬೇಕು," ಎಂದಳು ಡೆನಿಸ್.

"ಸಾಧ್ಯವೇ ಇಲ್ಲ," ಎಂದ ಹೇಲ್. "ಹುಳ ಹತ್ತುತ್ತದೆಂದು ಇಲ್ಲಿಗೆ ಒಂದು ಬಿಸ್ಕತ್ತನ್ನೂ ತರುವಂತಿಲ್ಲ. ನಮ್ಮ ರಿಜಿಸ್ಟ್ರಾರ್ ಬರೆದ ನಿಯಮ."

ಶಶಿಕಾಂತ್ ಬಗ್ಗಿ ನೋಡಿದ. ಅದು ಜೋಳ. ವಾರಕ್ಕೆ ನಾಲ್ಕು ದಿನ ರೊಟ್ಟಿ ತಿನ್ನುವವನಿಗೆ ಅಷ್ಟೂ ತಿಳಿಯದೆ ಹೋದೀತೇ? ಕಳ್ಳ ಕಲ್ಲೊಯ್ದು ಜೋಳ ಯಾಕೆ ಬಿಟ್ಟುಹೋದ ಎನ್ನುವುದು ಮಾತ್ರ ತಿಳಿಯಲಿಲ್ಲ. ಡೆನಿಸ್ ಕಾಳನ್ನು ಲಕೋಟೆಗೆ ಹಾಕಿ ಮೊಹರು ಮಾಡಿದಳು. ಸಮಯ ೧೧.೧೫.

ಕಾರಿಗೆ ಬಂದು ಅವನು ಹರ್ನ್‌ಡನ್‌ನಲ್ಲಿರುವ ತಾಯಿ ಚನ್ನಮ್ಮನಿಗೆ ಫೋನು ಹಚ್ಚಿದ. ತನಿಖೆಯ ವಿಷಯ ಮನೆಯವರ ಹತ್ತಿರ ಆಡಬಾರದೆಂಬ ನಿಯಮ ಅವನಿಗೆ ಗೊತ್ತಿತ್ತು. ಅದಕ್ಕೇ ಊರು ಕೇರಿ ಹೆಸರು ಹೇಳಲಿಲ್ಲ.

"ಅವ್ವ, ಬೀಸೂಕಲ್ಲಿನ ಮ್ಯಾಲೆ ಒಂದ್ ಹಿಡಿ ಜ್ವಾಳ ಹಾಕಿ ಬಿಡ್ತಾರೇನು?"

"ಬಿಡ್ತಾರ. ಖಾಲಿ ಕಲ್ಲು ಬಿಡಬಾರದು. ಬೀಸೂದು ಮುಗದ ಮ್ಯಾಲೂ ಒಂದ್ ಹಿಡಿ ಇರಬೇಕು. ನಮ್ಮವ್ವ ಮ್ಯಾಲಿನ ಕಲ್ಲು ಎತ್ತಿದ್ರೂ ಕಾಳು ಹಾಕದ ಬಿಡ್ತಿದ್ದಿಲ್ಲ. ಯಾಕೋ?"

"ಸುಮ್ನ ಕೇಳ್ದೆ."

"ಸುಮ್ನ ಕೇಳಾಂವಲ್ಲ ನೀನು. ಊಟ ಆತೇನು?"

ಶಶಿಕಾಂತ್ ಐದು ಜನರ ಪಟ್ಟಿ ತೆಗೆದ. ನಾಲ್ಕನೆಯ ಹೆಸರು ಸಿದ್ದೇಶ್ವರಿ ಅಂಗಡಿ, ರಿಜಿಸ್ಟ್ರಾರ್. ವಸ್ತುಗಳ ದಾಖಲೆ, ಜೋಪಾನ ಎಲ್ಲ ಆಕೆಯ ಕೆಲಸ. ಬಿಸ್ಕತ್ತಿನ ನಿಯಮ ಬರೆದವಳೂ ಆಕೆಯೇ.

ಮಧ್ಯಾಹ್ನ ಪಡಸಾಲೆಯ ಕ್ಯಾಮೆರಾ ನೋಡಿದರು. ಮಂಗಳವಾರ ಸಂಜೆ ೪.೪೨ಕ್ಕೆ ಸಿದ್ದೇಶ್ವರಿ ಗಾಲಿ ಸೂಟ್‌ಕೇಸ್ ಎಳೆದುಕೊಂಡು ಹೊರಗೆ ಹೋಗಿದ್ದಳು. ಬೆಳಿಗ್ಗೆ ಬಂದಾಗ ಅದನ್ನು ಒಂದೇ ಕೈಯಲ್ಲಿ ಎತ್ತಿ ಮೆಟ್ಟಿಲು ಹತ್ತಿದ್ದವಳು, ಸಂಜೆ ಎರಡು ಕೈ ಹಚ್ಚಿ ಇಳಿಸಿದ್ದಳು. ಮ್ಯೂಸಿಯಂನ ಇಮೇಲ್‌ಗಳಲ್ಲಿ ಇನ್ನೊಂದು ಸಂಗತಿ ಸಿಕ್ಕಿತು. ಈ ಕಲ್ಲಿನ ಬಗ್ಗೆ ಆಕೆ ಹೇಲ್‌ಗೆ ಮೂರು ಪತ್ರ ಬರೆದಿದ್ದಳು. ಒಂದಕ್ಕೂ ಉತ್ತರ ಹೋಗಿರಲಿಲ್ಲ.

"ತಕರಾರು ಇಲ್ಲ ಅಂದಿರಿ," ಎಂದ ಶಶಿಕಾಂತ್.

"ಅದು ತಕರಾರಲ್ಲ. ಭಾವುಕತೆ," ಎಂದ ಹೇಲ್.

ಸಂಜೆ ೫.೨೦ಕ್ಕೆ ಸಿದ್ದೇಶ್ವರಿಯ ಮನೆ ಬಾಗಿಲು ತಟ್ಟಿದರು. ನಲವತ್ತರ ಆಸುಪಾಸಿನ ಹೆಂಗಸು, ಬಾದಾಮಿ ಕಡೆಯವಳು. ಹೆದರಿದಂತೆ ಕಾಣಲಿಲ್ಲ.

"ನಿನ್ನೆ ಸೂಟ್‌ಕೇಸ್‌ನ್ಯಾಗ ಏನಿತ್ರಿ?" ಶಶಿಕಾಂತ್ ಕನ್ನಡದಲ್ಲೇ ಕೇಳಿದ.

ಆಕೆ ಅವನ ಎದೆಯ ಮೇಲಿನ ಹೆಸರಿನ ಪಟ್ಟಿ ನೋಡಿದಳು. "ಹೊಸಮನಿ. ಹಂಗಾರ ಜ್ವಾಳ ನಿಮಗಽ ಗೊತ್ತಾತು."

"ಅದನ್ನ ಯಾಕ ಹಾಕಿದ್ರಿ?"

"ನಮ್ಮಜ್ಜಿ ಕಾಲದಿಂದ ಹಂಗಽ ರೂಢಿ. ಲಂಚ್ ಬ್ಯಾಗ್‌ನ್ಯಾಗ ಹುರಿದ ಜ್ವಾಳ ಇತ್ತು. ಕಲ್ಲು ಎತ್ತಿದೆ, ಕೈ ತಾನಽ ಹಾಕ್ತು. ಮನೀಗೆ ಬಂದ ಮ್ಯಾಲೆ ನೆನಪಾತು."

"ಕಲ್ಲು ಎಲ್ಲೈತಿ?"

"ಸರ್ಚ್ ವಾರೆಂಟ್ ತಂದೀರೇನು?"

"ಇಲ್ಲ."

"ಹಂಗಾರ ತಗೊಂಡ್ ಬರ್ರಿ," ಎಂದು ಬಾಗಿಲು ಹಾಕಿದಳು. ಡೆನಿಸ್‌ಗೆ ಭಾಷೆ ತಿಳಿಯದಿದ್ದರೂ ಬಾಗಿಲು ಹಾಕಿದ ರೀತಿ ತಿಳಿಯಿತು. ಅವಳನ್ನು ಮನೆ ಮುಂದೆ ಕಾವಲಿಗೆ ಬಿಟ್ಟು ಶಶಿಕಾಂತ್ ಅರ್ಜಿ ಬರೆಯಲು ಹೋದ.

ಮಾರ್ಚ್ ೧೪, ಗುರುವಾರ, ಮಧ್ಯಾಹ್ನ ೨.೦೫. ವಾರೆಂಟ್ ಸಮೇತ ಒಳಗೆ ಹೋದರು. ಹುಡುಕುವ ಪ್ರಮೇಯವೇ ಬರಲಿಲ್ಲ. ಕಲ್ಲು ಊಟದ ಮೇಜಿನ ಮೇಲೆ ಬಿಳಿ ಫೋಮಿನ ಹಾಸಿನಲ್ಲಿತ್ತು. ಪಕ್ಕದಲ್ಲಿ ಹತ್ತಿಯ ಕೈಗವಸುಗಳು, ತೇವಾಂಶ ಅಳೆಯುವ ಯಂತ್ರ, ಮತ್ತು ಮ್ಯೂಸಿಯಂನ ನಮೂನೆಯಲ್ಲೇ ಭರ್ತಿ ಮಾಡಿದ ಸ್ಥಿತಿ ವರದಿ. ಕೊನೆಯ ಸಾಲು: ಸಾಗಣೆಯಲ್ಲಿ ಯಾವ ಹಾನಿಯೂ ಆಗಿಲ್ಲ. ಕೆಳಗೆ ಆಕೆಯ ಸಹಿ, ತಾರೀಖು. ಕದ್ದ ಮಾಲಿಗೆ ಸಹಿ ಹಾಕಿಟ್ಟ ಕಳ್ಳಿಯನ್ನು ಶಶಿಕಾಂತ್ ಅದುವರೆಗೆ ಕಂಡಿರಲಿಲ್ಲ.

ಅವನು ಆಕೆಯ ಹಕ್ಕುಗಳನ್ನು ಓದಿದ. ಸುಮ್ಮನಿರಬಹುದು, ವಕೀಲರನ್ನು ಕರೆಸಬಹುದು. ಆಕೆ ಎರಡನ್ನೂ ಬೇಡವೆಂದಳು.

"ಯಾಕ ತಗೊಂಡ್ರಿ?"

"ನಾಳೆ ಹತ್ತು ಗಂಟೆಗೆ ಇದನ್ನ ಸಿಮೆಂಟ್‌ನ್ಯಾಗ ಕೂಡಸವರಿದ್ರು. ಮ್ಯೂಸಿಯಂನ್ಯಾಗ ಮಧ್ಯಯುಗದ ಮನಿ ಅಂತ ಒಂದು ಕಟ್ಯಾರ. ಅದರ ಬಾಗಲಕ್ಕ ಇದು ಮೆಟ್ಟಲ. ಬಂದವ್ರೆಲ್ಲ ತುಳದು ಒಳಗ ಹೋಗ್ಬೇಕು. ಎಕ್ಸ್‌ಪೀರಿಯೆನ್ಸ್ ಅಂತ."

"ನಿಮಗ್ಯಾಕ ಅಷ್ಟು ಸಂಕಟ?"

"ಇದನ್ನ ಮಣ್ಣಿಂದ ಎತ್ತಿದಾಕಿ ನಾನು." ಆಗ ಆಕೆಗೆ ಇಪ್ಪತ್ನಾಲ್ಕು, ಇಂಗ್ಲೆಂಡಿನಲ್ಲಿ ಓದುತ್ತಿದ್ದಳು. ಒಲೆಯ ಪಕ್ಕದ ನೆಲ ಅಗೆದಾಗ ಕಲ್ಲು ಸಿಕ್ಕಿತ್ತು. "ಬಿಸಾಕಿದ್ದಲ್ರಿ. ಕೆಳಗ ಹುಲ್ಲು ಹಾಸಿ, ಮ್ಯಾಲೆ ಹಾಸುಗಲ್ಲು ಮುಚ್ಚಿ ಬಚ್ಚಿಟ್ಟಿದ್ರು. ಆ ಕಾಲಕ್ಕ ಊರವರೆಲ್ಲ ಒಡೆಯನ ಗಿರಣ್ಯಾಗಽ ಬೀಸಿಸಬೇಕಿತ್ತು. ಮನ್ಯಾಗ ಕಲ್ಲು ಇಟ್ಕೊಂಡ್ರ ದಂಡ. ಆ ಊರಿನ ಕಡತದಾಗ ಮೇಬಲ್ ಅಂತ ಒಬ್ಬಾಕಿ ವಿಧವಿ ಹೆಸರೈತಿ. ಮೂರು ಸಲ ದಂಡ ಹಾಕ್ಯಾರ. ಮೂರು ಸಲನೂ ಕಲ್ಲು ಕೊಡ್ಲಿಲ್ಲ ಅಂತ ಬರದಾರ. ಮ್ಯೂಸಿಯಂನ್ಯಾಗ ಇದರ ಪಕ್ಕ ಹಾಕೂ ಬೋರ್ಡಿಗೆ ನಾನು ಅದನ್ನಽ ಬರ್ಕೊಟ್ಟೆ. ಹೇಲ್ ಅವ್ರು ಅದನ್ನ ತಗದು, ಊರವರು ಖುಷೀಲೆ ಗಿರಣಿಗೆ ಹೋಗ್ತಿದ್ರು ಅಂತ ಹಾಕ್ಯಾರ."

ಶಶಿಕಾಂತ್‌ಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಿದರೆ ಡ್ಯೂಟಿಯ ಮೇಲಿದ್ದವನು ಹೇಳುವಂತಿರಲಿಲ್ಲ.

೨.೪೦ಕ್ಕೆ ಹೇಲ್‌ಗೆ ಫೋನು ಮಾಡಿ ಮಾಲು ಸಿಕ್ಕಿದ್ದನ್ನು ತಿಳಿಸಿದ. ಹೇಲ್ ಉದಾರಿಯಾದ. ಪತ್ರಿಕೆಗಳಲ್ಲಿ ಸುದ್ದಿಯಾಗುವುದು ಅವನಿಗೆ ಬೇಕಿರಲಿಲ್ಲ. ಕಲ್ಲು ಇವತ್ತೇ ವಾಪಸ್ ಬಂದರೆ ದೂರು ಹಿಂತೆಗೆದುಕೊಳ್ಳುತ್ತೇನೆ, ಆಕೆ ರಾಜೀನಾಮೆ ಕೊಟ್ಟರೆ ಸಾಕು, ನಾಳೆಯ ಕೆಲಸ ನಾಳೆಯೇ ಆಗಲಿ ಎಂದ.

ಶಶಿಕಾಂತ್ ಅದನ್ನು ಆಕೆಗೆ ಹೇಳಿದ. ಹೇಳುವಾಗ ಅವನ ದನಿಯಲ್ಲಿ ಸಮಾಧಾನವಿತ್ತು.

"ನಾನು ಕೊಡಂಗಿಲ್ಲ," ಎಂದಳು ಸಿದ್ದೇಶ್ವರಿ. "ನೀವಽ ಜಪ್ತಿ ಮಾಡ್ಬೇಕು. ಅರೆಸ್ಟ್ ಮಾಡ್ರಿ."

"ನಿಮ್ಮ ಗ್ರೀನ್ ಕಾರ್ಡ್ ಅಪ್ಲಿಕೇಶನ್ ಪೆಂಡಿಂಗ್ ಐತಿ ಅಂತ ಮ್ಯೂಸಿಯಂ ಫೈಲ್‌ನ್ಯಾಗ ನೋಡ್ದೆ. ಕಳವಿನ ಕೇಸು ಬಿದ್ರ ಹದಿಮೂರು ವರ್ಷದ ಬದುಕು ಕಟ್ಕೊಂಡು ಹೊಂಟ್ಹೋಗಬೇಕಾಗ್ತದ. ಒಂದು ಕಲ್ಲಿನ ಸಲುವಾಗಿ?"

"ಜಪ್ತಿ ಆದ ಮಾಲು ಎಷ್ಟು ದಿನ ನಿಮ್ಮ ಕಡೆ ಇರ್ತದ?"

"ಕೇಸ್ ಮುಗಿಯೂ ಮಟ."

"ತಪ್ಪು ಒಪ್ಕೊಳ್ಳದಿದ್ರ? ಜ್ಯೂರಿ ಟ್ರಯಲ್ ಕೇಳಿದ್ರ? ಆಮ್ಯಾಲೆ ಅಪೀಲು?"

ಶಶಿಕಾಂತ್ ಬೆರಳು ಮಡಚಿ ಎಣಿಸಿದ. "ಎರಡು ವರ್ಷ. ಮೂರೂ ಆಗಬಹುದು."

"ಅಲ್ಲೀ ಮಟ ಇದರ ಮ್ಯಾಲೆ ಯಾರೂ ಕಾಲಿಡಂಗಿಲ್ಲ. ಕೋರ್ಟಿನ್ಯಾಗ ಹನ್ನೆರಡು ಮಂದಿ ಮುಂದ ಇದು ಯಾರ ಕಲ್ಲು, ಯಾಕ ಬಚ್ಚಿಟ್ಟಿದ್ಳು ಅಂತ ನಾನಽ ಹೇಳ್ತೀನಿ. ರೆಕಾರ್ಡ್ ಆಗ್ತದ. ಬೋರ್ಡಿನ ಮ್ಯಾಲಿಂದ ತಗದಂಗ ಅಲ್ಲಿಂದ ತಗಿಯಾಕ ಬರಂಗಿಲ್ಲ." ಆಕೆ ಕೈ ಮುಂದೆ ಚಾಚಿದಳು. "ನಡ್ರಿ."

೩.೧೫ಕ್ಕೆ ಬಂಧನವಾಯಿತು. ಡೆನಿಸ್ ಬೇಡಿ ಹಾಕಿದಳು, ಆದಷ್ಟು ಸಡಿಲವಾಗಿ ಹಾಕಿದಳು.

ಸಂಜೆ ೪.೫೦ಕ್ಕೆ ಕಲ್ಲು ಠಾಣೆಯ ಸಾಕ್ಷ್ಯದ ಕೋಣೆಗೆ ಬಂತು. ಭಾರದ ವಸ್ತುಗಳನ್ನು ನೆಲದ ಮೇಲಿಡುವುದು ಅಲ್ಲಿಯ ಪದ್ಧತಿ. ಗುಮಾಸ್ತ ಗೋಡೆಯ ಬುಡ ತೋರಿಸಿದ. ಶಶಿಕಾಂತ್ ಕೇಳದವನಂತೆ ಕಲ್ಲನ್ನು ಎರಡು ಕೈಯಲ್ಲಿ ಎತ್ತಿ ಎದೆಮಟ್ಟದ ಕಪಾಟಿನಲ್ಲಿಟ್ಟ. ಪಟ್ಟಿಗೆ ವಸ್ತು, ತೂಕ, ಅಳತೆ ಬರೆದ. ಒಡೆಯರು ಎನ್ನುವ ಕಾಲಮಿನ ಎದುರು ಮ್ಯೂಸಿಯಂನ ಹೆಸರು ಬರೆಯಬೇಕಿತ್ತು. ಬರೆದ. ಅದರ ಕೆಳಗೆ, ಟಿಪ್ಪಣಿಯ ಜಾಗದಲ್ಲಿ, ಇನ್ನೊಂದು ಸಾಲು ಸೇರಿಸಿದ: ಈ ಮೊದಲು ಹೋಲ್ಮ್‌ಕೋಟ್‌ನ ವಿಧವೆ ಮೇಬಲ್ ಅವರದು, ಮೂರು ಸಲ ಕೇಳಿದರೂ ಕೊಟ್ಟಿರಲಿಲ್ಲ.