ಮಗ್ಗ ನಿಲ್ಲಿಸಿ ಮಾತಾಡಿದವನು

ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆ ಕಟ್ಟಿದವನು ಶುದ್ಧ ಮೈಗಳ್ಳನಿರಬೇಕು. ದುಂಡೇಶನೂ ಒಂದು ಕಾಲಕ್ಕೆ ಆ ಗಾದೆಯ ಮರೆಯಲ್ಲೇ ಬದುಕಿದ್ದವನು. ಅವನಿಗೆ ನಿಶ್ಚಯವಾಗಿದ್ದ ಸೋದರಮಾವನ ಮಗಳು ಕಾಂಚನಾ ಬುತ್ತಿ ತಂದಾಗ, ಕೈತಪ್ಪಿ ಮಗ್ಗದ ಮೇಲಿನ ಸೀರೆಗೆ ಸಾರು ಚೆಲ್ಲಿತ್ತು. ಅವನು ಲಾಳಿ ಎತ್ತಿ ಒಗೆದ. ಮರದ ಲಾಳಿ, ಕಬ್ಬಿಣದ ಮೊನೆ. ಅವಳ ಹುಬ್ಬಿನ ಮೇಲೆ ಗೆರೆ ಉಳಿಯಿತು.

"ನಮ್ಮಪ್ಪನ ಸಿಟ್ಟು ಬಂದೈತಿ. ನಾ ಏನ್ ಮಾಡ್ಲಿ?" ಅಂದಿದ್ದ.

ಅವಳು ಉಂಗುರ ಬಿಚ್ಚಿಟ್ಟು ತನ್ನೂರು ರಬಕವಿಗೆ ಹೋಗಿದ್ದಳು.

ಎರಡು ವರ್ಷದ ಮೇಲೆ, ಅವನ ತಾಯಿ, ಅತ್ತೆ ಭಾಗವ್ವ ಬೇಡಿಕೊಂಡಳೆಂದು, ಕಾಂಚನಾ ಬನಹಟ್ಟಿಯ ಅದೇ ಮಗ್ಗದ ಶೆಡ್ಡಿನ ಮುಂದೆ ಸ್ಕೂಟಿ ನಿಲ್ಲಿಸಿದಳು. ಅವನನ್ನು ಒಪ್ಪುವುದೋ ಬಿಡುವುದೋ, ಇವತ್ತೇ ಹೇಳಬೇಕಿತ್ತು.

ಅವಳನ್ನು ಕಂಡೊಡನೆ ದುಂಡೇಶ ಮಗ್ಗ ನಿಲ್ಲಿಸಿದ. ಕಾಂಚನಾ ಬೆರಗಾದಳು. ನೇಕಾರರ ಓಣಿಯಲ್ಲಿ ಮಾತಿಗಾಗಿ ಮಗ್ಗ ನಿಲ್ಲಿಸುವವರುಂಟೇ? ಖಟಖಟ ಸದ್ದಿನ ಮೇಲೆಯೇ ಒದರುವುದು ಅಲ್ಲಿಯ ರೂಢಿ.

"ಮಗ್ಗ ಕೆಟ್ಟೈತೇನ ಮಾಮಾ?"

"ಕೆಟ್ಟಾಂವ ನಾ ಇದ್ದೆ," ನಕ್ಕ. "ಒದರಿ ಒದರಿ, ಬಾಯಿ ಹಿಂದ ಕೈನೂ ಬರಾಕತ್ತಿತ್ತು. ಈಗ ಮೊದಲ ಮಗ್ಗ ನಿಲ್ಲಸ್ತೇನಿ, ಆಮ್ಯಾಲ ಬಾಯಿ ತಗೀತೇನಿ. ಓಣ್ಯಾಗ ನನಗ ಸ್ವಾಮ್ಯಾರು ಅಂತ ಹೆಸರಿಟ್ಟಾರ."

ಅವಳಿಗೂ ನಗು ಬಂತು. ಅವನ ರೆಪ್ಪೆಯ ಮೇಲೆ ನೂಲಿನ ದೂಳು ಕೂತಿತ್ತು. ಒರೆಸಲು ಬೆರಳು ತುಡಿಯಿತು.

"ಹಂಗ ನೋಡಬ್ಯಾಡ ಬೇ, ಎಳಿ ಹರದಾವು."

"ನಿಂತ ಮಗ್ಗದಾಗ ಎಳಿ ಹೆಂಗ ಹರೀತಾವ?"

ಅವನು ನಗುತ್ತಲೇ ಅವಳಿಗೆ ಗಾಳಿ ಬರಲೆಂದು ಫ್ಯಾನಿನ ಸ್ವಿಚ್ಚಿಗೆ ಕೈ ಎತ್ತಿದ. ಕಾಂಚನಾ ಎರಡೂ ಕೈಯಿಂದ ಹುಬ್ಬು ಮುಚ್ಚಿಕೊಂಡು ಗೋಡೆಗೆ ಅಂಟಿದಳು.

ಫ್ಯಾನು ತಿರುಗಿತು. ಅವನು ಎತ್ತಿದ ಕೈಯನ್ನು ಮೆಲ್ಲಗೆ ಇಳಿಸಿ ಎರಡು ಹೆಜ್ಜೆ ಹಿಂದೆ ಸರಿದ.

"ನಾ ಬದಲಾಗೇನಿ ಕಾಂಚಿ, ಖರೇನ."

"ಗೊತ್ತಾತು ಮಾಮಾ. ನೀ ಬದಲಾದಿ, ನನ್ನ ಮೈ ಬದಲಾಗಿಲ್ಲ. ದಿನಾ ನಿನ್ನ ಕೈ ಕಾಯ್ಕೋತ ಬಾಳ್ವೆ ಮಾಡಾಕ ನನಗ ಆಗೂದಿಲ್ಲ."

"ಹಂಗಾರ ಇಷ್ಟೆಲ್ಲಾ ಮಾಡಿ ನನಗೇನ ಬಂತು?" ದನಿ ಏರಿತು. ಅವನೇ ಬೆಚ್ಚಿ ಬಾಯಿ ಮುಚ್ಚಿಕೊಂಡ.

"ನನಗ್ಯಾಕ ಕೇಳ್ತಿ? ನಿನ್ನನ್ನ ನೀ ಕೇಳ್ಕೋ."

ಅವಳು ಹೊರಬಿದ್ದಳು. ಬೆನ್ನಹಿಂದೆ ಮಗ್ಗ ಸಿಟ್ಟಿನಿಂದ ಓಡತೊಡಗಿತು. ಚಹಾ ಹಿಡಿದು ಬಂದ ಭಾಗವ್ವ, ಸೊಸೆಯಾಗಬೇಕಿದ್ದವಳ ಮುಖ ನೋಡಿ ಎಲ್ಲ ತಿಳಿದುಕೊಂಡು, ದಡಬಡಿಸಿ ಶೆಡ್ಡಿನೊಳಗೆ ಹೋದಳು. ಕಪ್ಪು ಒಡೆದ ಸದ್ದು.

"ಅಯ್ಯ, ಮಗ್ಗದ ಸೀರಿ ಮ್ಯಾಲ ಬಿತ್ತಲ್ಲೋ ಯಪ್ಪಾ!"

ಕಾಂಚನಾಳ ಕೈ ತಾನೇ ಹುಬ್ಬಿಗೆ ಹೋಯಿತು. ಬಾಗಿಲಾಚೆಯೇ ನಿಂತಳು.

ಮಗ್ಗ ನಿಂತಿತು.

"ಕೈ ಸುಟ್ಟತೇನ ಯವ್ವಾ?" ಮೆತ್ತಗಿನ ದನಿ ಬಾಗಿಲವರೆಗೂ ಬಂತು.

"ಅವತ್ತ ಇದೊಂದ ಮಾತು ಆಡಿದ್ರ ನಿನ್ನ ಗಂಟೇನ ಹೋಗತಿತ್ತೋ, ಪಾಪಿ," ಎಂದು ಹಲ್ಲು ಕಚ್ಚಿ, ಕಣ್ಣು ಕೂಡ ಒರೆಸಿಕೊಳ್ಳದೆ, ಕಾಂಚನಾ ರಬಕವಿಯ ದಾರಿ ಹಿಡಿದಳು.