ಬಾಲಕ್ಕೆ ಅಡ್ಡ ಬಂದ ಕೈ

"ಚಿಕ್ಕಮ್ಮಾ, ಇನ್ನೊಂಚೂರು ಹತ್ತಿರ ಹೋಗೋಣ, ಪ್ಲೀಸ್!"

"ಉಹೂಂ. ಅಟ್ಟಿಸ್ಕೊಂಡು ಹೋಗೋ ಹಾಗಿಲ್ಲ. ಬೇಕಾದ್ರೆ ಅದೇ ಬರುತ್ತೆ," ಎಂದು ಚಿಕ್ಕಮ್ಮ ದೋಣಿಯ ಎಂಜಿನ್ ಆಫ್ ಮಾಡಿಯೇಬಿಟ್ಟಳು.

ಸುತ್ತ ಎಲ್ಲಿ ನೋಡಿದರೂ ಸಮುದ್ರ. ದೂರದಲ್ಲಿ ತಿಮಿಂಗಿಲವೊಂದು ಉಸಿರು ಬಿಟ್ಟು ಮುಳುಗಿತ್ತು. ಪಟಾಕಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಮನೆಯವರು ಅವಳಿಗೆ ಪಟಾಕಿ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ತಿಮಿಂಗಿಲಗಳನ್ನು ಎಣಿಸುವುದೇ ಚಿಕ್ಕಮ್ಮನ ಕೆಲಸ. ಒಂದೊಂದರ ಬಾಲದಡಿಯಲ್ಲೂ ಒಂದೊಂದು ಬಗೆಯ ಬಿಳಿ ಮಚ್ಚೆ. ಅದನ್ನು ನೋಡಿಯೇ ಇದು ಯಾರು ಎಂದು ಗುರುತು ಹಿಡಿಯಬೇಕು. ಹೊಸ ಬಾಲದ ಫೋಟೋ ತೆಗೆದವರು ಅದಕ್ಕೆ ಹೆಸರಿಡಬಹುದು! ಪಟಾಕಿ ಮೂರು ಸಲ ಬಂದು ಬರಿಗೈಯಲ್ಲಿ ಮರಳಿದ್ದಳು. ನಾಳೆಯಿಂದ ಸ್ಕೂಲು. ಹೆಸರು ಮಾತ್ರ ಎಂದೋ ರೆಡಿಯಾಗಿತ್ತು: ಗುಂಡಮ್ಮ.

"ನೆನಪಿರ್ಲಿ, ಆಳಕ್ಕೆ ಹೋಗುವಾಗ ಮಾತ್ರ ಅದು ಬಾಲ ಎತ್ತೋದು," ಎಂದಳು ಚಿಕ್ಕಮ್ಮ.

ಪಟಾಕಿ ಕ್ಯಾಮೆರಾ ಹಿಡಿದು ಕಾದಳು.

ಬುಸ್ಸ್! ದೋಣಿಯ ಪಕ್ಕದಲ್ಲೇ! ಮುಖವೆಲ್ಲ ಒದ್ದೆ, ಜೊತೆಗೆ ಕೊಳೆತ ಮೀನಿನ ನಾತ.

"ಥೂ! ಇದು ಹಲ್ಲೇ ಉಜ್ಜಲ್ವಾ?"

"ಈ ಜಾತಿಗೆ ಹಲ್ಲಿದ್ರೆ ತಾನೇ ಉಜ್ಜೋಕೆ!"

ದೋಣಿಗಿಂತ ಉದ್ದದ ಮೈ. ಮಗ್ಗುಲಲ್ಲಿ ಒಂದು ಮರಿ. ಮರಿ ಒಮ್ಮೆ ಹೊಟ್ಟೆ ತೋರಿಸಿತು, ಒಮ್ಮೆ ಬೆನ್ನು ತೋರಿಸಿತು. ತಾಯಿ ಮಾತ್ರ ಜಗ್ಗಲಿಲ್ಲ.

"ಬೇಗ ಹೋಗೇ ಗುಂಡಮ್ಮ, ಬಾಲ ತೋರ್ಸು," ಪಟಾಕಿ ಗೊಣಗಿದಳು.

ಆಗ ತಾಯಿ ವಾರೆಯಾಗಿ ಹೊರಳಿತು. ಒಂದು ಕಂದು ಕಣ್ಣು ಅವಳನ್ನೇ ನೋಡಿತು. ರೆಪ್ಪೆ ಮಿಟುಕಿಸದೆ ನೋಡಿತು. ಹೋಗು ಎಂದದ್ದಕ್ಕೆ ಪಟಾಕಿಗೆ ನಾಚಿಕೆಯಾಯಿತು.

"ಹೋಗ್ಬೇಡ," ಎಂದಳು ಮೆಲ್ಲಗೆ.

ಆದರೆ ತಾಯಿ ಬೆನ್ನು ಬಾಗಿಸಿತು.

"ಈಗ! ಒತ್ತು!" ಚಿಕ್ಕಮ್ಮ ಕೂಗಿದಳು.

ದೊಡ್ಡ ಗೇಟಿನಷ್ಟು ಅಗಲದ ಬಾಲ ಮೇಲೆದ್ದಿತು. ಕ್ಲಿಕ್! ಮರಿಯೂ ಅಮ್ಮನ ಹಿಂದೆಯೇ ಮುಳುಗಿತು.

ಚಿಕ್ಕಮ್ಮ ಫೋಟೋ ನೋಡಿದಳು. ಅರ್ಧ ಬಾಲವಿತ್ತು. ಉಳಿದರ್ಧಕ್ಕೆ ಅಡ್ಡವಾಗಿ ಐದು ಬೆರಳು.

"ಇದ್ಯಾರ ಕೈಯೇ?"

"ನಂದೇ. ಟಾಟಾ ಮಾಡ್ಬಿಟ್ಟೆ."

ಚಿಕ್ಕಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಅವಳ ತಲೆ ಸವರಿದಳು. "ಅರ್ಧ ಬಾಲ ಲೆಕ್ಕಕ್ಕಿಲ್ಲ ಕಣೇ. ಹೆಸರಿಡೋಕಾಗಲ್ಲ. ಬೇಜಾರಾಯ್ತಾ?"

"ಸ್ವಲ್ಪ."

ತಿಮಿಂಗಿಲ ಮುಳುಗಿದ ಜಾಗದಲ್ಲಿ ನೀರು ಅಲೆಯಿಲ್ಲದೆ ನುಣ್ಣಗಿತ್ತು. ಪಟಾಕಿ ಅದನ್ನೇ ನೋಡುತ್ತಿದ್ದಳು. ಚಿಕ್ಕಮ್ಮನ ಕೈ ಎಂಜಿನ್ ಕೀಲಿಯತ್ತ ಹೋಯಿತು.

"ತಾಳು ಚಿಕ್ಕಮ್ಮಾ, ಈಗ್ಲೇ ಬೇಡ," ಪಟಾಕಿ ಪಿಸುಗುಟ್ಟಿದಳು. "ಮರಿ ಇದೆಯಲ್ಲ. ಅವು ದೂರ ಹೋಗ್ಲಿ."