ಬೆಳ್ಳಿ ಕರಡಿಗೆ

"ಮದುವಿ ಬ್ಯಾಡ್ರಿ, ದಾಕ್ಷಾಯಿಣಿ," ಎಂದು ಗುರುಶಿದ್ದಪ್ಪ ಫೋನಿನಲ್ಲಿ ಹೇಳಿದಾಗ ನನ್ನ ಒಗ್ಗರಣೆ ಸೀದುಹೋಯಿತು.

ಅವರು ಹತ್ತಿ ವ್ಯಾಪಾರಿ, ಅರವತ್ತು ದಾಟಿದವರು. ನಾನು ಈಚೆಗೆ ನಿವೃತ್ತಳಾದ ಟೀಚರ್. ಇಬ್ಬರೂ ಸಂಗಾತಿಯನ್ನು ಕಳೆದುಕೊಂಡವರು. ಕೆಲಗೇರಿ ಕೆರೆ ದಂಡೆಯ ವಾಕಿಂಗ್‌ನಲ್ಲಿ ಮನಸ್ಸು ಕೂಡಿ, ಕಡೆಗೆ ಮಕ್ಕಳನ್ನೂ ಒಪ್ಪಿಸಿದ್ದೆವು. ಈಗ ಬೇಡವಂತೆ! ಸಿಟ್ಟು ನೆತ್ತಿಗೇರಿ ಸೀದಾ ರಾಯಾಪುರದ ಅವರ ಮನೆಗೆ ಹೋದೆ.

"ಬ್ಯಾರೆ ಯಾರರೆ ಸಿಕ್ಕಾರೇನ್ರಿ?"

"ನೀವು ಸಿಕ್ಕಿದ್ದ ಹೆಚ್ಚು," ಎಂದು ನಗಲು ಹೋಗಿ ಸೋತರು. "ಪ್ರಾಸ್ಟೇಟ್ ಕ್ಯಾನ್ಸರ್ ಅಂತ್ರಿ. ಸಣ್ಣ ಗಡ್ಡಿ, ಲೇಸರ್‌ಲೆ ಸುಡತಾರಂತ. ಒಮ್ಮೆ ಗಂಡನ್ನ ಕಳಕೊಂಡೀರಿ. ಮತ್ತ ಅದ ದುಃಖಕ್ಕ ನಿಮ್ಮನ್ನ ಹೆಂಗ ಕರೀಲಿ?"

ಸಿಟ್ಟೆಲ್ಲ ಕಣ್ಣೀರಾಯಿತು.

"ದವಾಖಾನಿಗೆ ಎಂದ ಹೋಗೂದು, ಅಷ್ಟ ಹೇಳ್ರಿ."

ಹುಬ್ಬಳ್ಳಿಯಲ್ಲಿ ಡಾಕ್ಟರ್ ಸಂಪದಾ ಬಿಡಿಸಿ ಹೇಳಿದಳು. "ಎಂಆರ್‌ಐ ಚಿತ್ರ ನೋಡಕೋತ ಲೇಸರಿನ ಸಣ್ಣ ಎಳಿ ಒಳಗ ಕಳಸ್ತೇವ್ರಿ. ಗಡ್ಡಿ ಅಷ್ಟ ಸುಡತೈತಿ. ದೊಡ್ಡ ಕೊಯ್ತ ಇಲ್ಲ. ಆಮ್ಯಾಲೆ ತಪಾಸಣಿ ಮಾತ್ರ ತಪ್ಪಸಬಾರ್ದು. ಸಂಸಾರಕ್ಕೂ ತ್ರಾಸು ಕಡಿಮಿ."

ನಾನು ಫ್ಯಾನ್ ನೋಡಿದೆ. ಅವರ ಕಿವಿ ಕೆಂಪಾದವು.

ಚಿಕಿತ್ಸೆಯ ದಿನ ಎಂಆರ್‌ಐ ಕೋಣೆಯ ಬಾಗಿಲಲ್ಲಿ ತಕರಾರು ಶುರುವಾಯಿತು. ಲೋಹ ಒಳಗೆ ಒಯ್ಯುವಂತಿಲ್ಲ. ಅವರ ಕೊರಳಲ್ಲಿ ಬೆಳ್ಳಿ ಕರಡಿಗೆ, ಅದರೊಳಗೆ ಇಷ್ಟಲಿಂಗ.

"ಲಿಂಗ ಮೈಮ್ಯಾಲಿಂದ ಇಳಸಂಗಿಲ್ಲ. ಮನಿಗೆ ನಡೀರಿ," ಎಂದು ಎದ್ದೇಬಿಟ್ಟರು. ಚಪ್ಪಲಿಯನ್ನು ಎಡಬಲ ತಪ್ಪಿ ಮೆಟ್ಟಿಕೊಂಡರು. ನಿಷ್ಠೆಯ ಜೊತೆ ಹೆದರಿಕೆಯೂ ಸೇರಿದೆ ಎಂದು ನನಗೆ ಗೊತ್ತಾಯಿತು.

ಅವತ್ತೇ ಮಡಿಕೆ ಮುರಿದು ಉಟ್ಟಿದ್ದ ಹತ್ತಿ ಸೀರೆಯ ಸೆರಗಿನ ತುದಿಯನ್ನು ಪರ್ ಎಂದು ಹರಿದೆ.

"ಹತ್ತಿ ವ್ಯಾಪಾರ ಮಾಡವ್ರಿಗೆ ಅರಿವಿ ನೆನಪಾಗಲಿಲ್ಲೇನ್ರಿ? ನಮ್ಮವ್ವ ಕಡೀತನಕ ಲಿಂಗ ಅರಿವ್ಯಾಗ ಕಟ್ಟಿಕೊಂಡಿದ್ಲು. ಲಿಂಗ ನಿಮ್ಮ ಎದಿಮ್ಯಾಲಿರಲಿ, ಬೆಳ್ಳಿ ನನ್ನ ಕಡೆ ಇರಲಿ."

ಲಿಂಗದಲ್ಲಿ ಲೋಹವಿಲ್ಲವೆಂದು ಸಂಪದಾ ಪರೀಕ್ಷಿಸಿ, ಅಡ್ಡಿಯಿಲ್ಲ ಎಂದಳು. ಲಿಂಗವನ್ನು ಅವರೇ ಬಟ್ಟೆಯೊಳಗಿಟ್ಟರು. ನಾನು ಕೊರಳ ಹಿಂದೆ ಗಂಟು ಹಾಕಿದೆ. ಅವರನ್ನು ಮುಟ್ಟಿದ್ದು ಅದೇ ಮೊದಲು; ಬೆರಳಿಗೆ ಬಿಡಲು ಮನಸ್ಸೇ ಆಗಲಿಲ್ಲ.

ಬಾಗಿಲು ಮುಚ್ಚಿತು. ಕರಡಿಗೆ ಇನ್ನೂ ಅವರ ಎದೆಯಷ್ಟೇ ಬೆಚ್ಚಗಿತ್ತು. ಅದು ತಣ್ಣಗಾಗದಂತೆ ಎರಡೂ ಕೈಯಲ್ಲಿ ಮುಚ್ಚಿ ಹಿಡಿದು ಕೂತೆ. ಎಲ್ಲಾ ಛಲೋ ಆತು ಎಂದು ಸಂಪದಾ ಬಂದು ಹೇಳುವವರೆಗೂ ಕೈ ಸಡಿಲಿಸಲಿಲ್ಲ.

ಹೊರಗೆ ಕರೆತಂದಾಗ ಅವರು ದಣಿದಿದ್ದರು. ನಾನು ಕರಡಿಗೆ ಚಾಚಿದೆ. ಅವರು ಅದನ್ನು ಬಿಟ್ಟು ನನ್ನ ಕೈ ಹಿಡಿದರು.

"ಕೊಳ್ಳಾಗ ಗಂಟು ಹಾಕೂದು ಗಂಡಸರ ಕೆಲಸ ಅನಕೊಂಡಿದ್ದೆ. ನೀವ ಮೊದಲ ಹಾಕಿಬಿಟ್ರಿ."

"ತಪ್ಪಾತೇನ್ರಿ?"

"ಇಲ್ಲ. ಈಗ ನನ್ನ ಪಾಳಿ."